ಹೊಗೆರಹಿತ ಕಲ್ಲಿದ್ದಲು: ಕೋಲೈಟ್ ಕಂಪನಿಯ ಇತಿಹಾಸ

ಪೀಠಿಕೆ

ಇಂಧನ ಬಳಕೆಗೆ ಸಂಬಂಧಿಸಿದ ಅನುಮತಿ ಅಥವಾ ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು "ಅನುಮೋದಿತ ಇಂಧನ" ಎಂಬ ಪದವನ್ನು ಕೇಳಿರಬಹುದು. ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1981ರಲ್ಲಿ ಈ ಪದಕ್ಕೆ ಪ್ರತ್ಯೇಕ ವ್ಯಾಖ್ಯೆಯನ್ನು ನೀಡಲಾಗಿದೆ. ಯಾವುದೋ ಒಂದು ಇಂಧನವನ್ನು ಸರ್ಕಾರ ಏಕೆ ಅನುಮೋದಿಸಬೇಕು, ಮತ್ತೊಂದನ್ನು ಏಕೆ ನಿಷೇಧಿಸಬೇಕು ಎಂಬ ಪ್ರಶ್ನೆ ಸಹಜವಾದುದಾಗಿದೆ. ಈ ಪದ್ಧತಿಯು ಮನೆಮನೆಯ ಒಲೆಗೂ ಅನ್ವಯವಾಗುವಂತೆ ಮೊದಲು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಹೊಗೆರಹಿತ ಇಂಧನವನ್ನು ತಯಾರಿಸಿ ಮಾರಿದ ಆರಂಭಿಕ ಕಂಪನಿಗಳಲ್ಲಿ ಪ್ರಮುಖವಾದುದು ಕೋಲೈಟ್ ಕಂಪನಿ. ಸದರಿ ಕಂಪನಿಯ ಚರಿತ್ರೆಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ. ಇದರಲ್ಲಿ ಅನುಕರಿಸತಕ್ಕ ಸಂಗತಿಗಳಿರುವಂತೆ ಎಚ್ಚರಿಕೆ ವಹಿಸತಕ್ಕ ಸಂಗತಿಗಳೂ ಇವೆ.

ಹೊಗೆ ಎಂದರೇನು?

ಬಚ್ಚಲ ಒಲೆಗೆ ಹಸಿ ಸೌದೆ ಒಟ್ಟಿದವರಿಗೆ ಹೊಗೆಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಆದರೆ ಹೊಗೆಯು ಸುಟ್ಟ ಇಂಧನವಲ್ಲ, ಸುಡದೆ ತಪ್ಪಿಸಿಕೊಂಡ ಇಂಧನ ಎಂಬುದನ್ನು ಗಮನಿಸಬೇಕು. ಮನೆಗಳಲ್ಲಿ ಉರಿಸುತ್ತಿದ್ದ ಸಾಮಾನ್ಯ ಕಲ್ಲಿದ್ದಲಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಬಿಸಿ ತಗುಲಿದೊಡನೆ ಆವಿಯಾಗಿ ಹೊರಬರುವ ವಸ್ತುಗಳಿರುತ್ತವೆ. ಉರಿಯುವ ಕೆಂಡದ ಮೇಲೆ ಹೊಸ ಕಲ್ಲಿದ್ದಲನ್ನು ಸುರಿದಾಗ ಕೆಳಗಿನಿಂದ ಶಾಖ ತಗುಲಿ ಈ ಆವಿ ಮೇಲೇಳುತ್ತದೆ; ಮೇಲ್ಭಾಗವು ಇನ್ನೂ ತಣ್ಣಗಿರುವುದರಿಂದ ಅದು ಹೊತ್ತಿಕೊಳ್ಳುವುದಿಲ್ಲ. ಡಾಂಬರಿನ ಸಣ್ಣ ಹನಿಗಳೂ ಮಸಿಯ ಕಣಗಳೂ ಚಿಮಣಿಯ ಮೂಲಕ ಹೊರಗೆ ಹೋಗುತ್ತವೆ. ಮನೆಯ ಯಜಮಾನ ಹಣ ಕೊಟ್ಟು ಕೊಂಡ ಶಾಖದ ಒಂದು ಪಾಲು ಹೀಗೆ ಆಕಾಶಕ್ಕೆ ಸೇರಿ, ನೆರೆಯವರ ಶ್ವಾಸಕೋಶದಲ್ಲಿಯೂ ಒಗೆದು ಹರವಿದ ಬಟ್ಟೆಯ ಮೇಲೂ ಇಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಲಕ್ಷಾಂತರ ಮನೆಗಳು, ಪ್ರತಿ ಮನೆಯಲ್ಲಿ ಹಲವು ಅಗ್ಗಿಷ್ಟಿಕೆಗಳು ಇದ್ದವು. ಚಳಿಗಾಲದ ಮಂಜಿನೊಡನೆ ಈ ಹೊಗೆ ಬೆರೆತು ಹಳದಿ ಬಣ್ಣದ ದಟ್ಟವಾದ ಮುಸುಕು ಕವಿಯುತ್ತಿತ್ತು. 1905ರಲ್ಲಿ ಡಾ. ಹೆನ್ರಿ ದೆ ವೂ ಎಂಬ ವೈದ್ಯರು ಇದಕ್ಕೆ ಹೊಗೆ ಮತ್ತು ಮಂಜು ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳನ್ನು ಕೂಡಿಸಿ "ಸ್ಮಾಗ್" ಎಂದು ಹೆಸರಿಟ್ಟರು. ಕನ್ನಡದಲ್ಲಿಯೂ ಇದೇ ಕ್ರಮದಲ್ಲಿ "ಹೊಂಜು" ಎಂಬ ಪದ ಬಳಕೆಗೆ ಬಂದಿದೆ. ಕಾರ್ಖಾನೆಗಳ ಹೊಗೆಯ ಬಗ್ಗೆ ಇಂಗ್ಲೆಂಡಿನಲ್ಲಿ ಮೊದಲೇ ಕೆಲವು ಕಾನೂನುಗಳಿದ್ದವಾದರೂ ಮನೆಯ ಅಗ್ಗಿಷ್ಟಿಕೆಯನ್ನು ಮುಟ್ಟಲು ಯಾವ ಸರ್ಕಾರವೂ ಮುಂದಾಗಲಿಲ್ಲ. ಮನೆಯೊಳಗಿನ ಉರಿ ಅಲ್ಲಿನ ಜನರ ಭಾವನೆಗೆ ಸಂಬಂಧಿಸಿದ ವಿಷಯವಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಕಲ್ಲಿದ್ದಲನ್ನು ಬಿಟ್ಟರೆ ಜನರು ಏನನ್ನು ಉರಿಸಬೇಕು ಎಂಬುದಕ್ಕೆ ತೃಪ್ತಿಕರವಾದ ಉತ್ತರವಿರಲಿಲ್ಲ.

ಥಾಮಸ್ ಪಾರ್ಕರ್ ಅವರ ಆವಿಷ್ಕಾರ

ಈ ಉತ್ತರವನ್ನು ಒದಗಿಸಿದವರು ಥಾಮಸ್ ಪಾರ್ಕರ್ (1843–1915). ಶ್ರಾಪ್‌ಶೈರ್ ಪ್ರಾಂತ್ಯದ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಜನಿಸಿದ ಇವರು ಬಾಲ್ಯದಲ್ಲಿಯೇ ಅಲ್ಲಿನ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ಮುಂದೆ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಪಾಲ್ ಬೆಡ್‌ಫರ್ಡ್ ಎಲ್ವೆಲ್ ಅವರೊಡನೆ ಸೇರಿ ವಿದ್ಯುತ್ ಯಂತ್ರಗಳ ಉದ್ಯಮವನ್ನು ಸ್ಥಾಪಿಸಿದರು. ವಿದ್ಯುತ್ ಟ್ರಾಮು, ವಿದ್ಯುತ್ ರೈಲು, ವಿದ್ಯುತ್ ಮೋಟಾರು ಗಾಡಿ ಇವೆಲ್ಲವುಗಳ ಆರಂಭದ ಇತಿಹಾಸದಲ್ಲಿ ಇವರ ಹೆಸರಿದೆ. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯ ವಿದ್ಯುದೀಕರಣಕ್ಕೆ ಇವರು ಸಲಹೆಗಾರರಾಗಿದ್ದರು. ಹೊಗೆಯ ವಿಷಯದಲ್ಲಿ ಇವರಿಗೆ ಬಹುಕಾಲದ ಆಸಕ್ತಿಯಿತ್ತು. 1880ರ ದಶಕದ ಆರಂಭದಲ್ಲಿಯೇ ಹೊಗೆ ಕಡಿಮೆ ಇರುವ ಆಂಥ್ರಸೈಟ್ ಕಲ್ಲಿದ್ದಲನ್ನು ಉರಿಸಬಲ್ಲ ಒಂದು ಎರಕದ ಅಗ್ಗಿಷ್ಟಿಕೆಯನ್ನು ರೂಪಿಸಿದ್ದರು.

ಕಲ್ಲಿದ್ದಲನ್ನು ಗಾಳಿ ಸೋಕದ ಪಾತ್ರೆಯಲ್ಲಿಟ್ಟು ಕಾಯಿಸಿ ಅದರ ಆವಿಯನ್ನು ಹೊರತೆಗೆಯುವುದು ಆ ಕಾಲಕ್ಕೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. ನಗರಗಳ ದೀಪಗಳಿಗೆ ಅನಿಲವನ್ನು ಒದಗಿಸುತ್ತಿದ್ದ ಅನಿಲ ಕಾರ್ಖಾನೆಗಳು ಇದನ್ನೇ ಮಾಡುತ್ತಿದ್ದವು. ಆದರೆ ಹೆಚ್ಚು ಅನಿಲ ದೊರೆಯಲೆಂದು ಅವು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಮೀರಿದ ಶಾಖವನ್ನು ಬಳಸುತ್ತಿದ್ದವು. ಆವಿಯೆಲ್ಲ ಹೋಗಿ ಉಳಿದ ಕೋಕ್ ಹೊಗೆಯಾಡುತ್ತಿರಲಿಲ್ಲ ಎಂಬುದು ನಿಜ. ಆದರೆ ಮನೆಯ ತೆರೆದ ಅಗ್ಗಿಷ್ಟಿಕೆಯಲ್ಲಿ ಅದು ಸುಲಭವಾಗಿ ಹೊತ್ತಿಕೊಳ್ಳುತ್ತಲೂ ಇರಲಿಲ್ಲ. ಕಾಗದ, ಪುರಳೆ ಇಟ್ಟು ಊದಿದರೂ ಉರಿ ಹತ್ತದ ಇಂಧನವನ್ನು ಯಾವ ಗೃಹಿಣಿಯೂ ಕೊಳ್ಳಲಾರಳು.

ಪಾರ್ಕರ್ ಅವರು 1904ರಲ್ಲಿ ಕಂಡುಕೊಂಡದ್ದು ಈ ಎರಡರ ನಡುವಿನ ಹದ. ಶಾಖವನ್ನು ಸುಮಾರು 640 ಡಿಗ್ರಿಗೆ ಮಿತಗೊಳಿಸಿದಲ್ಲಿ ಹೊಗೆಗೆ ಕಾರಣವಾಗುವ ಡಾಂಬರಿನ ಅಂಶವೆಲ್ಲ ಹೊರಟುಹೋಗುತ್ತದೆ. ಆದರೆ ಇಂಧನವು ಬೇಗ ಹೊತ್ತಿಕೊಳ್ಳಲು ಬೇಕಾದಷ್ಟು, ಅಂದರೆ ಸುಮಾರು ಹತ್ತನೆಯ ಒಂದು ಪಾಲು, ಆವಿಯಾಗುವ ವಸ್ತು ಉಳಿದುಕೊಳ್ಳುತ್ತದೆ. ಹೀಗೆ ದೊರೆತ ಬೂದುಗಪ್ಪು ಬಣ್ಣದ, ಹಗುರವಾದ, ರಂಧ್ರಗಳಿಂದ ಕೂಡಿದ ಇಂಧನಕ್ಕೆ "ಕೋಲೈಟ್" ಎಂದು ಹೆಸರಿಡಲಾಯಿತು. ಒಂದು ಟನ್ ಕಲ್ಲಿದ್ದಲಿನಿಂದ ಸರಿಸುಮಾರು 700 ಕೆ.ಜಿ.ಯಷ್ಟು ಕೋಲೈಟ್ ದೊರೆಯುತ್ತಿತ್ತು. ಉಳಿದದ್ದು ಅನಿಲ, ಡಾಂಬರಿನ ಎಣ್ಣೆ, ಹಗುರ ಸ್ಪಿರಿಟ್ ಮತ್ತು ನೀರಿನ ರೂಪದಲ್ಲಿ ಬೇರ್ಪಡುತ್ತಿತ್ತು.

ಈ ವಿದ್ಯೆಯ ಮೂಲತತ್ತ್ವ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ಮಣ್ಣು ಮುಚ್ಚಿದ ಗುಮ್ಮಿಯಲ್ಲಿ ಸೌದೆಯನ್ನು ಬೇಯಿಸಿ ಇದ್ದಿಲು ಮಾಡುವವರು ಅನುಸರಿಸುವುದೂ ಇದೇ ತತ್ತ್ವವನ್ನು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬಟ್ಟಿ ಇಳಿಸಿ, ಕುಲುಮೆಗೆ ಇದ್ದಿಲನ್ನೂ ಮಾರಾಟಕ್ಕೆ ಉಪಉತ್ಪನ್ನಗಳನ್ನೂ ಪಡೆಯಲಾಗುತ್ತಿತ್ತು.

ಪ್ರಯೋಗಶಾಲೆಯಿಂದ ಕಾರ್ಖಾನೆಗೆ

ಆವಿಷ್ಕಾರದ ಕೆಲವೇ ವರ್ಷಗಳಲ್ಲಿ ಕಂಪನಿ ಸ್ಥಾಪನೆಯಾಗಿ, ಹೊಗೆಯಿಲ್ಲದ ಲಂಡನ್ನಿನ ಭರವಸೆಯನ್ನು ಪತ್ರಿಕೆಗಳ ಮೂಲಕ ಸಾರಲಾಯಿತು. ಹೂಡಿಕೆದಾರರೂ ಮುಂದೆ ಬಂದರು. ಆದರೆ ಭರವಸೆ ಈಡೇರಲು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಇದಕ್ಕೆ ಕಾರಣ ರಸಾಯನಶಾಸ್ತ್ರವಲ್ಲ, ಯಂತ್ರಶಾಸ್ತ್ರ.

ಕಲ್ಲಿದ್ದಲು ಶಾಖವನ್ನು ಬಹಳ ನಿಧಾನವಾಗಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ತುಂಬಿ ಹೊರಗಿನಿಂದ ಕಾಯಿಸಿದರೆ ಅಂಚಿನದು ಬೆಂದು ಕಠಿಣವಾಗುವ ಹೊತ್ತಿಗೆ ನಡುವಿನದು ಹಸಿಯಾಗಿಯೇ ಇರುತ್ತದೆ; ಹಸಿ ಭಾಗ ಬೇಗ ಬೇಯಲೆಂದು ಶಾಖವನ್ನು ಹೆಚ್ಚಿಸಿದರೆ ಕೋಲೈಟ್ ಹೋಗಿ ಕೋಕ್ ಆಗುತ್ತದೆ. ಸಾಲದ್ದಕ್ಕೆ ಕಾದ ಕಲ್ಲಿದ್ದಲು ಮೆತ್ತಗಾಗಿ ಉಬ್ಬಿ ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಕಿರಿದಾದ ಕೊಳವೆಗಳನ್ನು ಬಳಸಿದರೆ ಬೇಯುವಿಕೆ ಸಮನಾಗುತ್ತದೆಯಾದರೂ ಒಂದು ಬಾರಿಗೆ ಸಿಗುವ ಮಾಲು ಕಡಿಮೆ, ಕೂಲಿ ಹೆಚ್ಚು. ಸತತವಾದ ಶಾಖಕ್ಕೆ ಕಬ್ಬಿಣದ ಪಾತ್ರೆಗಳು ಬಾಗುವುದೂ ಬಿರಿಯುವುದೂ ಇತ್ತು. ಅಡುಗೆಮನೆಯಲ್ಲಿ ಒಂದು ಕುಕ್ಕರಿನಲ್ಲಿ ಚೆನ್ನಾಗಿ ಬೆಂದ ಅನ್ನವನ್ನು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಅದೇ ಹದಕ್ಕೆ ಇಳಿಸುವುದು ಎಷ್ಟು ಕಷ್ಟವೆಂದು ಅಡುಗೆಯವರಿಗೆ ತಿಳಿದಿದೆ. ಇಲ್ಲಿನ ಕಷ್ಟವೂ ಅದೇ ಬಗೆಯದು.

ಮೊದಲ ಕಂಪನಿ ಲಾಭವನ್ನು ಕಾಣಲಿಲ್ಲ. ಪಾರ್ಕರ್ ಅವರು 1915ರಲ್ಲಿ, ತಮ್ಮ ಆವಿಷ್ಕಾರ ಮನೆಮಾತಾಗುವ ಮೊದಲೇ ನಿಧನರಾದರು. 1917ರಲ್ಲಿ ಲೋ ಟೆಂಪರೇಚರ್ ಕಾರ್ಬನೈಸೇಷನ್ ಲಿಮಿಟೆಡ್ ಎಂಬ ಹೊಸ ಕಂಪನಿ ಹುಟ್ಟಿಕೊಂಡು ಯಾರ್ಕ್‌ಶೈರ್‌ನ ಬಾರ್ನ್‌ಸ್ಲಿ ಪಟ್ಟಣದ ಸಮೀಪದ ಬಾರ್ಫ್ ಗ್ರಾಮದಲ್ಲಿ ಕಾರ್ಖಾನೆಯನ್ನು ನಡೆಸಿತು. ಇಲ್ಲಿಯೂ ಆರಂಭದ ಯತ್ನಗಳು ಫಲಿಸಲಿಲ್ಲ. 1920ರ ದಶಕದಲ್ಲಿ ಕರ್ನಲ್ ಡಬ್ಲ್ಯೂ. ಎ. ಬ್ರಿಸ್ಟೋ ಅವರ ನೇತೃತ್ವದಲ್ಲಿ ಪಾರ್ಕರ್ ಮಾದರಿಗೆ ಮರಳಿ, ಅದನ್ನು ಸುಧಾರಿಸಲಾಯಿತು. ಹನ್ನೆರಡು ಕಿರಿದಾದ ಕೊಳವೆಗಳನ್ನು ಒಂದೇ ಎರಕದಲ್ಲಿ ಜೋಡಿಸಿ ನೆಟ್ಟಗೆ ನಿಲ್ಲಿಸಲಾಯಿತು. ಪ್ರತಿ ಕೊಳವೆಯೂ ಮೇಲ್ತುದಿಯಲ್ಲಿ ಕಿರಿದಾಗಿ ಕೆಳತುದಿಯಲ್ಲಿ ತುಸು ಅಗಲವಾಗಿತ್ತು. ಇದರಿಂದ ಬೆಂದ ಇಂಧನ ಗೋಡೆಗೆ ಕಚ್ಚಿಕೊಳ್ಳದೆ ತನ್ನ ತೂಕದಿಂದಲೇ ಕೆಳಗೆ ಜಾರಿ ಬೀಳುವುದು ಸಾಧ್ಯವಾಯಿತು. ಇಷ್ಟು ಸಣ್ಣ ಮಾರ್ಪಾಟಿನಿಂದ ಒಂದು ಉದ್ಯಮ ಉಳಿಯಿತು ಎಂಬುದು ತಂತ್ರಜ್ಞರಿಗೆ ಆಶ್ಚರ್ಯವೆನಿಸದು.

1929ರಲ್ಲಿ ಡಾನ್‌ಕಾಸ್ಟರ್ ಬಳಿಯ ಆಸ್ಕರ್ನ್‌ನಲ್ಲಿ, 1936ರಲ್ಲಿ ಡರ್ಬಿಶೈರ್‌ನ ಬೋಲ್ಸೋವರ್‌ನಲ್ಲಿ ದೊಡ್ಡ ಘಟಕಗಳು ಆರಂಭವಾದವು. ಗಣಿಗಳ ಪಕ್ಕದಲ್ಲಿಯೇ ಕಾರ್ಖಾನೆಯನ್ನು ಕಟ್ಟಿ ಸಾಗಣೆ ವೆಚ್ಚವನ್ನು ತಗ್ಗಿಸುವುದು ಕಂಪನಿಯ ನೀತಿಯಾಗಿತ್ತು. ಡಾಂಬರಿನ ಎಣ್ಣೆಯನ್ನು ಶುದ್ಧೀಕರಿಸಿ ಪೆಟ್ರೋಲು, ಸೋಂಕುನಿವಾರಕ ದ್ರವಗಳು ಹಾಗೂ ಇತರ ರಾಸಾಯನಿಕಗಳನ್ನು ಪಡೆಯಲಾಯಿತು. ಕೋಲೈಟ್ ಮಾರಾಟದಿಂದ ಮಾತ್ರವೇ ಕಂಪನಿ ಬದುಕುವುದು ಕಷ್ಟವಿದ್ದು, ಈ ಉಪಉತ್ಪನ್ನಗಳ ಆದಾಯವೇ ಅದರ ಬೆನ್ನೆಲುಬಾಗಿತ್ತು. ಈ ಅಂಶವು ಮುಂದಿನ ಘಟನೆಗಳನ್ನು ಅರಿಯಲು ಅಗತ್ಯವಾಗಿದೆ. 1936ರಲ್ಲಿಯೇ ಧೂಮ ನಿವಾರಣಾ ಸಂಘವು ಪಾರ್ಕರ್ ಅವರಿಗೆ ಮರಣೋತ್ತರವಾಗಿ ಚಿನ್ನದ ಪದಕವನ್ನು ನೀಡಿತು. 1948ರಲ್ಲಿ ಕಂಪನಿಯ ಹೆಸರು ಕೋಲೈಟ್ ಅಂಡ್ ಕೆಮಿಕಲ್ ಪ್ರಾಡಕ್ಟ್ಸ್ ಎಂದು ಬದಲಾಯಿತು. ಗಣಿಗಳು 1947ರಲ್ಲಿ, ಅನಿಲ ಉದ್ಯಮವು 1949ರಲ್ಲಿ ರಾಷ್ಟ್ರೀಕರಣಗೊಂಡರೂ ಕೋಲೈಟ್ ಖಾಸಗಿ ಕಂಪನಿಯಾಗಿಯೇ ಮುಂದುವರಿಯಿತು.

1952ರ ಡಿಸೆಂಬರ್

ಹೀಗೆ ಹೊಗೆರಹಿತ ಇಂಧನ ಮಾರುಕಟ್ಟೆಯಲ್ಲಿತ್ತು. ಆದರೂ ಬಹುಪಾಲು ಮನೆಗಳಲ್ಲಿ ಹಸಿ ಕಲ್ಲಿದ್ದಲೇ ಉರಿಯುತ್ತಿತ್ತು; ಅದು ಅಗ್ಗವಾಗಿತ್ತು ಮತ್ತು ಬದಲಾಯಿಸಿಕೊಳ್ಳಲು ಯಾರ ಒತ್ತಾಯವೂ ಇರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಉತ್ತಮ ಕಲ್ಲಿದ್ದಲು ರಫ್ತಿಗೆ ಹೋಗುತ್ತಿತ್ತು. ಮನೆಬಳಕೆಯ ಕಲ್ಲಿದ್ದಲಿಗೆ ಪಡಿತರ ಪದ್ಧತಿಯಿದ್ದು, 1952ರ ಡಿಸೆಂಬರ್ ಆರಂಭದಲ್ಲಿ ಪುಡಿಯೇ ಹೆಚ್ಚಾಗಿರುವ ಕೆಳದರ್ಜೆಯ ಕಲ್ಲಿದ್ದಲನ್ನು ಮಾತ್ರ ಪಡಿತರದಿಂದ ಮುಕ್ತಗೊಳಿಸಲಾಯಿತು. ಜನ ಅದನ್ನೇ ಕೊಂಡರು.

ಡಿಸೆಂಬರ್ 5ರಂದು ಗಾಳಿ ನಿಂತಿತು. ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕುಳಿತಿತು. ಚಳಿಗೆ ಜನ ಇನ್ನಷ್ಟು ಕಲ್ಲಿದ್ದಲನ್ನು ಒಟ್ಟಿದರು. ಹೊಗೆ ಮೇಲೇರಲು ದಾರಿಯಿಲ್ಲದೆ ಬೀದಿಗಳಿಗೇ ಇಳಿಯಿತು. ಐದು ದಿನಗಳ ಕಾಲ ಲಂಡನ್ನಿನಲ್ಲಿ ಕೈಯಳತೆಯ ವಸ್ತು ಕಾಣದಂತಾಗಿ ಬಸ್ಸು, ಆಂಬ್ಯುಲೆನ್ಸ್ ಸಂಚಾರ ಸ್ಥಗಿತಗೊಂಡಿತು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಗೆ ಹೊಂಜು ನುಗ್ಗಿ ಸಂಗೀತ ನಾಟಕವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸ್ಮಿತ್‌ಫೀಲ್ಡ್ ಪ್ರದರ್ಶನಕ್ಕೆ ತಂದಿದ್ದ ದನಗಳಲ್ಲಿ ಕೆಲವು ಉಸಿರು ಕಟ್ಟಿ ಸತ್ತವು. ಮನುಷ್ಯರ ಸಾವಿನ ಲೆಕ್ಕ ಆ ದಿನಗಳಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಒಬ್ಬೊಬ್ಬರಾಗಿ ತೀರಿಕೊಂಡ ವೃದ್ಧರು, ಶಿಶುಗಳು, ಶ್ವಾಸಕೋಶದ ರೋಗಿಗಳ ನೋಂದಣಿಗಳನ್ನು ಅನಂತರ ಕೂಡಿಸಿ ನೋಡಿದಾಗ ಸುಮಾರು 4,000 ಮಂದಿ ಹೆಚ್ಚುವರಿಯಾಗಿ ಮೃತಪಟ್ಟಿರುವುದು ತಿಳಿದುಬಂದಿತು. ಮುಂದಿನ ತಿಂಗಳುಗಳ ಸಾವುಗಳನ್ನೂ ಪರಿಗಣಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸಂಖ್ಯೆ ಸುಮಾರು 12,000 ಇರಬಹುದೆಂದು ಅಂದಾಜಿಸಿದೆ. ಜನನ ಮರಣ ನೋಂದಣಿಯನ್ನು ಕೇವಲ ಪ್ರಮಾಣಪತ್ರಕ್ಕಾಗಿ ಇರುವ ವ್ಯವಸ್ಥೆ ಎಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬಹುದು.

ಕಾನೂನು, ಸಹಾಯಧನ ಮತ್ತು ಅನುಮೋದಿತ ಇಂಧನ

ಸರ್ಕಾರವು ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1954ರಲ್ಲಿ ಸಲ್ಲಿಸಲಾದ ಅದರ ವರದಿಯ ಆಧಾರದ ಮೇಲೆ 1956ರಲ್ಲಿ ಶುದ್ಧ ವಾಯು ಕಾಯ್ದೆ ಜಾರಿಗೆ ಬಂದಿತು. ಈ ಕಾಯ್ದೆಯ ರಚನೆ ಗಮನಾರ್ಹವಾದುದು. ಸ್ಥಳೀಯ ಸಂಸ್ಥೆಯು ತನ್ನ ವ್ಯಾಪ್ತಿಯ ಪ್ರದೇಶವನ್ನು ಹೊಗೆ ನಿಯಂತ್ರಣ ಪ್ರದೇಶವೆಂದು ಘೋಷಿಸಬಹುದಾಗಿತ್ತು. ಅಂತಹ ಪ್ರದೇಶದಲ್ಲಿ ಮನೆಯ ಚಿಮಣಿಯಿಂದ ಹೊಗೆ ಬಂದರೆ ಅದು ಅಪರಾಧ. ಆದರೆ ತಾನು ಅನುಮೋದಿತ ಇಂಧನವನ್ನು ಮಾತ್ರ ಬಳಸಿದ್ದೇನೆಂದು ಮನೆಯವರು ತೋರಿಸಿಕೊಟ್ಟರೆ ಆರೋಪದಿಂದ ಮುಕ್ತರಾಗುತ್ತಿದ್ದರು. ಹೊಗೆಯನ್ನು ಅಳೆಯುವ ಹೊಣೆಯನ್ನು ಸಾಮಾನ್ಯ ನಾಗರಿಕನ ಮೇಲೆ ಹೊರಿಸದೆ, ಯಾವ ಇಂಧನವನ್ನು ಕೊಳ್ಳಬೇಕೆಂಬ ಸರಳ ನಿಯಮವನ್ನು ಅವನಿಗೆ ನೀಡಲಾಯಿತು.

ಹಣದ ಪ್ರಶ್ನೆಯನ್ನೂ ಕಾಯ್ದೆ ಕಡೆಗಣಿಸಲಿಲ್ಲ. ಹೊಸ ಇಂಧನಕ್ಕೆ ತಕ್ಕಂತೆ ಅಗ್ಗಿಷ್ಟಿಕೆಯನ್ನು ಬದಲಾಯಿಸಲು ಖಾಸಗಿ ಮನೆಗಳಿಗೆ ತಗಲುವ ಸಮಂಜಸ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲನ್ನು ಸ್ಥಳೀಯ ಸಂಸ್ಥೆ ಹಿಂದಿರುಗಿಸಬೇಕಾಗಿತ್ತು. ಇದರಲ್ಲಿ ನಾಲ್ಕು ಪಾಲನ್ನು ಕೇಂದ್ರ ಖಜಾನೆ ಭರಿಸುತ್ತಿತ್ತು. ಮೂರು ಪಾಲು ಸ್ಥಳೀಯ ಸಂಸ್ಥೆಯದು. ಉಳಿದ ಮೂರು ಪಾಲು ಮಾತ್ರ ಮನೆಯವರದು. ನಿಷೇಧ, ಪರ್ಯಾಯ ವಸ್ತು ಮತ್ತು ಸಹಾಯಧನ ಈ ಮೂರನ್ನೂ ಒಟ್ಟಿಗೆ ಒದಗಿಸಿದ್ದರಿಂದಲೇ 1904ರಿಂದ ಸಾಧ್ಯವಾಗದಿದ್ದುದು 1956ರ ಅನಂತರ ಸಾಧ್ಯವಾಯಿತೆಂದು ಹೇಳಬಹುದು. ಗಣಿ ಪ್ರದೇಶಗಳಲ್ಲಿ ಮಾತ್ರ ಹೊಗೆ ನಿಯಂತ್ರಣ ಬಹಳ ತಡವಾಯಿತು. ಗಣಿ ಕಾರ್ಮಿಕರಿಗೆ ಸಂಬಳದ ಭಾಗವಾಗಿ ಕಲ್ಲಿದ್ದಲು ದೊರೆಯುತ್ತಿತ್ತು. ತಮ್ಮ ಹಕ್ಕಿನ ಕಲ್ಲಿದ್ದಲನ್ನು ಉರಿಸಬಾರದೆಂದರೆ ಅವರು ಒಪ್ಪುವುದು ಸುಲಭವಾಗಿರಲಿಲ್ಲ. ಊರಿಗೆಲ್ಲ ಹೊಗೆರಹಿತ ಇಂಧನವನ್ನು ಕಳುಹಿಸುತ್ತಿದ್ದ ಪ್ರದೇಶದ ಮನೆಗಳೇ ಹೀಗೆ ಕೊನೆಯವರೆಗೂ ಹೊಗೆಯಲ್ಲಿ ಉಳಿದವು.

ಕೋಲೈಟ್‌ಗೆ ಇದು ಸುಗ್ಗಿಯ ಕಾಲ. 1960ರ ದಶಕದಲ್ಲಿ ಅನಿಲ ಕಾರ್ಖಾನೆಗಳು ಕಲ್ಲಿದ್ದಲಿನಿಂದ ತೈಲಕ್ಕೆ, ಅನಂತರ ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಬದಲಾದಾಗ ಅವುಗಳ ಕೋಕ್ ಮಾರುಕಟ್ಟೆಯಿಂದ ಮರೆಯಾಯಿತು. ಕೋಲೈಟ್‌ನ ಬೇಡಿಕೆ ಇನ್ನೂ ಏರಿತು. ಲಾಭದ ಹಣದಿಂದ ಕಂಪನಿ ಬೇರೆ ವ್ಯವಹಾರಗಳಿಗೂ ಕೈಹಾಕಿತು. 1977ರಲ್ಲಿ ಚಾರಿಂಗ್ಟನ್ ಎಂಬ ಇಂಧನ ವ್ಯಾಪಾರ ಸಮೂಹವನ್ನು ಕೊಂಡಾಗ ಅದರೊಡನೆ ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ಐಲ್ಯಾಂಡ್ಸ್ ಕಂಪನಿಯೂ ಬಂದಿತು. ಹಾಗಾಗಿ 1982ರ ಫಾಕ್‌ಲ್ಯಾಂಡ್ ಯುದ್ಧದ ವೇಳೆಗೆ ಆ ದ್ವೀಪಗಳ ಭೂಮಿಯ ದೊಡ್ಡ ಪಾಲು ಡರ್ಬಿಶೈರ್‌ನ ಈ ಇದ್ದಲು ಕಂಪನಿಯ ಕೈಯಲ್ಲಿತ್ತು.

ಚಿಮಣಿಯಿಂದ ಕಾರ್ಖಾನೆಗೆ ಸ್ಥಳಾಂತರಗೊಂಡ ಮಾಲಿನ್ಯ

ಹೊಗೆರಹಿತ ಎಂಬ ವಿಶೇಷಣವು ಇಂಧನವನ್ನು ಉರಿಸುವ ಸ್ಥಳಕ್ಕೆ ಮಾತ್ರ ಅನ್ವಯಿಸುತ್ತದೆ. ಮನೆಯ ಚಿಮಣಿಯಿಂದ ಹೋಗಬೇಕಾಗಿದ್ದ ಡಾಂಬರು ಎಲ್ಲಿಯೂ ಮಾಯವಾಗಿರಲಿಲ್ಲ. ಅದು ಬೋಲ್ಸೋವರ್‌ನ ಕಾರ್ಖಾನೆಯಲ್ಲಿ ಸಂಗ್ರಹವಾಗುತ್ತಿತ್ತು. ಅಲ್ಲಿ ಅದನ್ನು ಸಂಸ್ಕರಿಸಿ ರಾಸಾಯನಿಕಗಳನ್ನು ತಯಾರಿಸುತ್ತಿದ್ದ ಕಾರ್ಮಿಕರೂ ಆ ಊರಿನ ನಿವಾಸಿಗಳೂ ಅದರ ಫಲವನ್ನು ಅನುಭವಿಸಬೇಕಾಯಿತು.

1960ರ ದಶಕದಲ್ಲಿ ಕಂಪನಿಯು ಕಳೆನಾಶಕ ಮುಂತಾದವುಗಳ ತಯಾರಿಕೆಗೆ ಬೇಕಾಗುವ ಟ್ರೈಕ್ಲೋರೋಫೀನಾಲ್ ಎಂಬ ರಾಸಾಯನಿಕವನ್ನು ಉತ್ಪಾದಿಸತೊಡಗಿತು. ಶಾಖ ಹತೋಟಿ ಮೀರಿದಲ್ಲಿ ಇದರ ತಯಾರಿಕೆಯಲ್ಲಿ ಡೈಆಕ್ಸಿನ್ ಎಂಬ ಅತ್ಯಂತ ವಿಷಕಾರಿ ವಸ್ತು ಉಂಟಾಗುತ್ತದೆ. 1968ರ ಏಪ್ರಿಲ್ 24ರಂದು ಈ ಘಟಕದಲ್ಲಿ ಸ್ಫೋಟ ಸಂಭವಿಸಿ ಕರ್ತವ್ಯದಲ್ಲಿದ್ದ ರಸಾಯನತಜ್ಞರೊಬ್ಬರು ಮೃತಪಟ್ಟರು. ಅನಂತರ ಕಾರ್ಮಿಕರಲ್ಲಿ ಕ್ಲೋರ್‌ಆಕ್ನೆ ಎಂಬ ಚರ್ಮರೋಗದ 79 ಪ್ರಕರಣಗಳು ವರದಿಯಾದವು. ಮುಖ, ಕತ್ತಿನ ಮೇಲೆ ಗುಳ್ಳೆಗಳಾಗಿ ಕಾಣಿಸಿಕೊಂಡು ವರ್ಷಗಟ್ಟಲೆ ಉಳಿಯಬಲ್ಲ ಈ ರೋಗವು ದೇಹಕ್ಕೆ ಡೈಆಕ್ಸಿನ್ ಸೇರಿರುವುದರ ಗುರುತು. ಕೆಲಸದ ಬಟ್ಟೆಯ ಮೂಲಕ ವಿಷವು ಕಾರ್ಮಿಕರ ಮನೆಯವರಿಗೂ ತಲುಪಿದ ನಿದರ್ಶನವಿದೆ. ಎಂಟು ವರ್ಷಗಳ ಅನಂತರ, 1976ರಲ್ಲಿ, ಇಟಲಿಯ ಸೆವೆಸೊದಲ್ಲಿ ಸಂಭವಿಸಿದ ಕುಖ್ಯಾತ ದುರಂತವೂ ಇದೇ ರಾಸಾಯನಿಕದ ಘಟಕದ್ದಾಗಿತ್ತು. ಬೋಲ್ಸೋವರ್‌ನ ಅನುಭವ ಆಗಲೇ ಎಚ್ಚರಿಕೆಯ ಗಂಟೆಯಾಗಬಹುದಾಗಿತ್ತು.

1991ರಲ್ಲಿ ಬೋಲ್ಸೋವರ್ ಸುತ್ತಲಿನ ಕೆಲವು ಹೈನುಗಾರರ ಹಾಲಿನಲ್ಲಿ ಡೈಆಕ್ಸಿನ್ ಹೆಚ್ಚಿನ ಪ್ರಮಾಣದಲ್ಲಿರುವುದು ಪರೀಕ್ಷೆಯಿಂದ ತಿಳಿದು, ಆ ಹಾಲಿನ ಮಾರಾಟವನ್ನು ತಡೆಯಲಾಯಿತು. ಶಂಕೆ ಕಾರ್ಖಾನೆಯ ತ್ಯಾಜ್ಯ ಸುಡುವ ಕುಲುಮೆಯ ಮೇಲೆ ಬಿದ್ದಿತು. ಅದೇ ವರ್ಷ ಅದನ್ನು ಮುಚ್ಚಲಾಯಿತು. ಸಮೀಪದ ಡೋ ಲೀ ನದಿಯ ಹೂಳಿನಲ್ಲಿಯೂ ಈ ವಿಷ ಪತ್ತೆಯಾಯಿತು. 1996ರಲ್ಲಿ ನ್ಯಾಯಾಲಯ ಕಂಪನಿಗೆ ದಂಡ ವಿಧಿಸಿತು.

ಈ ಬಗೆಯ ಅನುಭವ ಕೋಲೈಟ್‌ಗೆ ಮಾತ್ರ ಸೀಮಿತವಾದುದಲ್ಲ. ಕಲ್ಲಿದ್ದಲಿನ ಪುಡಿಯನ್ನು ಉಂಡೆ ಕಟ್ಟಿ "ಫರ್ನಸೈಟ್" ಎಂಬ ಹೊಗೆರಹಿತ ಇಂಧನವನ್ನು ತಯಾರಿಸುತ್ತಿದ್ದ ವೇಲ್ಸ್‌ನ ಅಬರ್‌ಕುಂಬಾಯ್ ಕಾರ್ಖಾನೆಯ ಸುತ್ತಲ ಕಣಿವೆ ದಶಕಗಳ ಕಾಲ ಮಸಿಯಿಂದ ಕಪ್ಪಾಗಿತ್ತು. ಅಲ್ಲಿ ದುಡಿದು ಶ್ವಾಸಕೋಶದ ಕಾಯಿಲೆಗೆ ತುತ್ತಾದವರ ಪರವಾಗಿ ನ್ಯಾಯಾಲಯದ ತೀರ್ಪು ಬಂದದ್ದು 2012ರಲ್ಲಿ, ಕಾರ್ಖಾನೆ ಮುಚ್ಚಿ ಎರಡು ದಶಕಗಳು ಕಳೆದ ಮೇಲೆ.

ಮುಚ್ಚುಗಡೆ

ಕೋಲೈಟ್‌ನ ಅವನತಿಗೆ ಈ ಪ್ರಕರಣಗಳಿಗಿಂತ ಮನೆಮನೆಗೆ ಬಂದ ಕೊಳವೆ ಅನಿಲವೇ ಮುಖ್ಯ ಕಾರಣ. ಗುಂಡಿ ಒತ್ತಿದರೆ ಮನೆಯೆಲ್ಲ ಬೆಚ್ಚಗಾಗುವಾಗ ಬೂದಿ ತೆಗೆಯುವ ಕೆಲಸ ಯಾರಿಗೂ ಬೇಡವಾಯಿತು. 1989ರಲ್ಲಿ ಆಂಗ್ಲೋ ಯುನೈಟೆಡ್ ಎಂಬ ಸಂಸ್ಥೆ ಕೋಲೈಟನ್ನು ಕೊಂಡಿತು. ಘಟಕಗಳು ಒಂದೊಂದಾಗಿ ಮುಚ್ಚಿ, 2004ರಲ್ಲಿ ಬೋಲ್ಸೋವರ್ ಕಾರ್ಖಾನೆಯೂ ನಿಂತಿತು. ಆ ನೆಲವನ್ನು ಶುದ್ಧಗೊಳಿಸಿ ಮರುಬಳಕೆಗೆ ತರುವುದಕ್ಕೆ ಅನಂತರ ಹಲವು ವರ್ಷಗಳು ಬೇಕಾದವು. ಇಂಗ್ಲೆಂಡಿನಲ್ಲಿ ಮನೆಬಳಕೆಯ ಹಸಿ ಕಲ್ಲಿದ್ದಲಿನ ಚೀಲಗಳ ಮಾರಾಟ 2021ರ ಮೇ ತಿಂಗಳಿಂದ, ಸಡಿಲ ಕಲ್ಲಿದ್ದಲಿನ ಮಾರಾಟ 2023ರ ಮೇ ತಿಂಗಳಿಂದ ನಿಷಿದ್ಧವಾಗಿದೆ.

ಭಾರತದಲ್ಲಿ

ನಮ್ಮ ದೇಶದಲ್ಲಿಯೂ ಇದೇ ತತ್ತ್ವದ ಇಂಧನಗಳನ್ನು ತಯಾರಿಸಲಾಗಿತ್ತು. ಬಂಗಾಳ, ಬಿಹಾರ ಪ್ರದೇಶಗಳ ಅಡುಗೆಮನೆಗಳಲ್ಲಿ ಮೆದು ಕೋಕ್ ಬಳಕೆಯಲ್ಲಿತ್ತು. ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟನ್ನು ಬಿಲ್ಲೆಗಳಾಗಿ ಒತ್ತಿ, ಬೇಯಿಸಿ "ಲೆಕೊ" ಎಂಬ ಹೆಸರಿನಲ್ಲಿ ಮಾರಲಾಗುತ್ತಿತ್ತು. ಸಿಂಗರೇಣಿ ಗಣಿ ಪ್ರದೇಶದಲ್ಲಿ ಕಡಿಮೆ ಶಾಖದಲ್ಲಿ ಬೇಯಿಸಿದ "ಕೋಲ್‌ಸಿಲ್" ತಯಾರಾಗುತ್ತಿತ್ತು. ಸೀಮೆಎಣ್ಣೆ ಮತ್ತು ಅಡುಗೆ ಅನಿಲ ವ್ಯಾಪಕವಾದಂತೆ ಇವು ಹಿಂದೆ ಸರಿದವು.

ಕಾನೂನಿನ ದೃಷ್ಟಿಯಿಂದ, ವಾಯು ಕಾಯ್ದೆ, 1981ರ 19ನೆಯ ಪ್ರಕರಣದ ಅನ್ವಯ ರಾಜ್ಯ ಸರ್ಕಾರವು ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ಸಮಾಲೋಚಿಸಿ ಯಾವುದೇ ಪ್ರದೇಶವನ್ನು ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಘೋಷಿಸಬಹುದು; ಅಲ್ಲಿ ಅನುಮೋದಿತವಲ್ಲದ ಇಂಧನದ ಬಳಕೆಯನ್ನು ಅಧಿಸೂಚನೆಯ ಮೂಲಕ ನಿಷೇಧಿಸಬಹುದು. ಇಂಗ್ಲೆಂಡಿನ 1956ರ ಕಾಯ್ದೆಯಲ್ಲಿನ ವ್ಯವಸ್ಥೆಗೂ ಇದಕ್ಕೂ ಇರುವ ಸಾಮ್ಯ ಓದುಗರಿಗೆ ಈಗ ವೇದ್ಯವಾಗಬಹುದು.

ಬಳಕೆದಾರರಿಗೆ ಮುಖ್ಯ ಸೂಚನೆ

ಹೊಗೆರಹಿತ ಇಂಧನವೆಂದರೆ ಅಪಾಯರಹಿತ ಇಂಧನವೆಂದು ಭಾವಿಸಬಾರದು. ಕೋಲೈಟ್ ಆಗಲಿ, ಕೋಕ್ ಆಗಲಿ, ನಮ್ಮಲ್ಲಿ ಇಸ್ತ್ರಿ ಪೆಟ್ಟಿಗೆಗೂ ಅಗ್ಗಿಷ್ಟಿಕೆಗೂ ಬಳಸುವ ಇದ್ದಿಲೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು ಹೊರಸೂಸುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಸಿ ಸೌದೆಯ ಹೊಗೆ ಕಣ್ಣುರಿ ತಂದು ಎಚ್ಚರಿಸುತ್ತದೆ. ಕೆಂಡದ ಈ ಅನಿಲ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ರಕ್ತವು ಆಮ್ಲಜನಕವನ್ನು ಒಯ್ಯದಂತೆ ಇದು ತಡೆಯುತ್ತದೆ.

ಚಳಿಗಾಲದಲ್ಲಿ ಹಾಗೂ ಬಾಣಂತಿಯರ ಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನು ಇಟ್ಟುಕೊಂಡು ಮಲಗುವ ರೂಢಿ ಅತ್ಯಂತ ಅಪಾಯಕಾರಿಯಾಗಿದೆ. ಕೆಂಡವಿರುವ ಕೋಣೆಯಲ್ಲಿ ಎದುರುಬದುರಾಗಿ ಎರಡು ಕಡೆ ಗಾಳಿ ಆಡುವಂತಿರಬೇಕು. ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗಿಡಬೇಕು. ಒಂದೇ ಕೋಣೆಯಲ್ಲಿರುವ ಹಲವರಿಗೆ ಏಕಕಾಲದಲ್ಲಿ ತಲೆನೋವು, ವಾಕರಿಕೆ, ಮಂಪರು ಕಾಣಿಸಿಕೊಂಡಲ್ಲಿ ತಕ್ಷಣ ಎಲ್ಲರನ್ನೂ ಬಯಲಿಗೆ ಕರೆತಂದು 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು. ಒಳಗೆ ಕೆಂಡ ಉರಿಯುತ್ತಿತ್ತು ಎಂಬ ಅಂಶವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.